ಶಾಸ್ತ್ರಾರ್ಥದ ಒರೆಗಲ್ಲು

ಪುರಾತನವಾದೊಂದು ಗ್ರಂಥವನ್ನು ಪ್ರಮಾಣವೆಂದು ಶಿರಸಾ ವಹಿಸಿದ ಪ್ರತಿಯೊಂದು ಧರ್ಮಕ್ಕೂ ಒಂದು ಸಂಕಟವು ಕಾಲಕಾಲಕ್ಕೆ ಎದುರಾಗುತ್ತದೆ. ಗ್ರಂಥವು ಹುಟ್ಟಿದ ಕಾಲ ಬೇರೆ, ಅದನ್ನು ಓದುವ ಕಾಲ ಬೇರೆ. ಅಂದಿನ ಅರಸೊತ್ತಿಗೆ, ಅಂದಿನ ಗೃಹಜೀವನ, ಅಂದಿನ ಒಡೆಯ ಆಳುಗಳ ಸಂಬಂಧ, ಇವೆಲ್ಲವೂ ಅಕ್ಷರಗಳೊಡನೆ ಹೆಣೆದುಕೊಂಡು ಬಂದಿರುತ್ತವೆ. ಅವುಗಳಲ್ಲಿ ದೇವವಾಕ್ಯವಾವುದು, ಕಾಲದ ಧೂಳಾವುದು? ಎಲ್ಲವನ್ನೂ ಒಪ್ಪಿದರೆ ಅನ್ಯಾಯವನ್ನೂ ಒಪ್ಪಬೇಕಾಗುತ್ತದೆ. ಬೇಕಾದುದನ್ನು ಮಾತ್ರ ಆರಿಸಿಕೊಂಡರೆ ಗ್ರಂಥವು ಓದುಗನ ಕೈಗೊಂಬೆಯಾಗುತ್ತದೆ. ಈ ಇಬ್ಬಗೆಯ ಕಷ್ಟವನ್ನು ಕ್ರೈಸ್ತ ಸಮಾಜವು ಬೈಬಲ್ಲಿನ ವಿಷಯದಲ್ಲಿ ಅನುಭವಿಸಿದ ಬಗೆಯು ವಚನಗಳನ್ನು ನಿತ್ಯವೂ ಪಠಿಸುವವರಿಗೆ ವಿಚಾರಾರ್ಹವಾದುದು.

1807ರಲ್ಲಿ ಲಂಡನ್ ನಗರದಲ್ಲಿ ಒಂದು ವಿಚಿತ್ರವಾದ ಬೈಬಲ್ ಅಚ್ಚಾಯಿತು. ಬ್ರಿಟಿಷರ ಅಧೀನದಲ್ಲಿದ್ದ ವೆಸ್ಟ್ ಇಂಡೀಸ್ ದ್ವೀಪಗಳ ಗುಲಾಮರಿಗೆ ಧರ್ಮಬೋಧೆ ಮಾಡುವುದಕ್ಕಾಗಿ ಸಿದ್ಧವಾದ ಪುಸ್ತಕವದು. ಪ್ರಾಟೆಸ್ಟಂಟರ ಬೈಬಲ್ಲಿನಲ್ಲಿ 1189 ಅಧ್ಯಾಯಗಳಿವೆ; ಈ ಪುಸ್ತಕದಲ್ಲಿ ಉಳಿದವು 232 ಮಾತ್ರ. ಬಿಟ್ಟುದೇನೆಂದು ನೋಡಿದರೆ ಉದ್ದೇಶವು ತಾನಾಗಿ ತಿಳಿಯುತ್ತದೆ. ಈಜಿಪ್ಟಿನ ದಾಸ್ಯದಲ್ಲಿ ನರಳುತ್ತಿದ್ದ ಇಸ್ರಾಯೇಲ್ಯರ ಕೂಗನ್ನು ದೇವರು ಕೇಳಿ ಮೋಶೆಯ ಮೂಲಕ ಅವರನ್ನು ಬಿಡಿಸಿದ ಕಥೆ ಅದರಲ್ಲಿಲ್ಲ. ಕ್ರಿಸ್ತನಲ್ಲಿ ದಾಸನೆಂಬ, ಸ್ವತಂತ್ರನೆಂಬ ಭೇದವಿಲ್ಲವೆಂದು ಪೌಲನು ಗಲಾತ್ಯದವರಿಗೆ ಬರೆದ ಮಾತೂ ಇಲ್ಲ. ದಾಸರು ಒಡೆಯರಿಗೆ ವಿಧೇಯರಾಗಿರಬೇಕೆಂದು ಎಫೆಸದವರಿಗೆ ಬರೆದ ಪತ್ರದಲ್ಲಿ ಬರುವ ವಿಧಿಯಾದರೋ ಭದ್ರವಾಗಿ ಉಳಿದಿದೆ. ಇಂಗ್ಲೆಂಡಿನ ಸಂಸತ್ತು ಗುಲಾಮರ ವ್ಯಾಪಾರವನ್ನು ನಿಷೇಧಿಸಿದುದೂ ಅದೇ 1807ರಲ್ಲಿ. ವ್ಯಾಪಾರವು ನಿಂತಿತು, ದಾಸ್ಯವು ಮಾತ್ರ ಆ ದ್ವೀಪಗಳಲ್ಲಿ ಇನ್ನೂ ಕಾಲು ಶತಮಾನಕ್ಕೂ ಮೀರಿ ಉಳಿಯಿತು.

ಇದರೊಡನೆ ಇನ್ನೊಂದು ಓದನ್ನು ಇಟ್ಟು ನೋಡಬೇಕು. ಅಮೆರಿಕದ ಫ್ಲಾರಿಡ ಪ್ರಾಂತದಲ್ಲಿ ನ್ಯಾನ್ಸಿ ಆಂಬ್ರೋಸ್ ಎಂಬ ವೃದ್ಧೆಯಿದ್ದಳು. ಗುಲಾಮಳಾಗಿ ಹುಟ್ಟಿ, ಅಂತರ್ಯುದ್ಧದ ಫಲವಾಗಿ ಬಿಡುಗಡೆ ಹೊಂದಿದವಳು. ಆಕೆಗೆ ಓದುಬರಹ ಬಾರದು. 1899ರಲ್ಲಿ ಹುಟ್ಟಿದ ಆಕೆಯ ಮೊಮ್ಮಗ ಹವರ್ಡ್ ಥರ್ಮನ್ ಅಜ್ಜಿಗೆ ಬೈಬಲ್ ಓದಿ ಹೇಳುತ್ತಿದ್ದನು. ಆಕೆ ಕೀರ್ತನೆಗಳನ್ನು ಓದಿಸುತ್ತಿದ್ದಳು, ಯೆಶಾಯನ ಪ್ರವಾದನೆಯನ್ನು ಓದಿಸುತ್ತಿದ್ದಳು, ಸುವಾರ್ತೆಗಳನ್ನು ಮತ್ತೆ ಮತ್ತೆ ಓದಿಸುತ್ತಿದ್ದಳು. ಪೌಲನ ಪತ್ರಗಳನ್ನು ಮಾತ್ರ ಓದಗೊಡುತ್ತಿರಲಿಲ್ಲ. ಕೊರಿಂಥದವರಿಗೆ ಬರೆದ ಮೊದಲ ಪತ್ರದಲ್ಲಿ ಪ್ರೀತಿಯನ್ನು ಕುರಿತಿರುವ ಒಂದು ಅಧ್ಯಾಯವನ್ನು ಎಂದಾದರೊಮ್ಮೆ ಕೇಳುತ್ತಿದ್ದಳು. ಮೊಮ್ಮಗನು ದೊಡ್ಡವನಾದ ಮೇಲೆ ಧೈರ್ಯಮಾಡಿ ಕಾರಣವನ್ನು ಕೇಳಿದನು. ಹಿಂದೆ ಒಡೆಯನು ಕರೆತರುತ್ತಿದ್ದ ಬಿಳಿಯ ಬೋಧಕನು ವರ್ಷದಲ್ಲಿ ಮೂರು ನಾಲ್ಕು ಬಾರಿಯಾದರೂ ಪೌಲನ ವಿಧೇಯತೆಯ ಮಾತನ್ನೇ ಹಿಡಿದು ಉಪದೇಶಿಸುತ್ತಿದ್ದನೆಂದೂ, ಎಂದಾದರೂ ಓದು ಕಲಿತು ಬಿಡುಗಡೆಯನ್ನು ಕಂಡರೆ ಆ ಭಾಗವನ್ನು ತಾನು ಓದುವುದಿಲ್ಲವೆಂದು ದೇವರಿಗೆ ಮಾತು ಕೊಟ್ಟಿದ್ದಳೆಂದೂ ಆಕೆ ತಿಳಿಸಿದಳು. ಥರ್ಮನ್ 1949ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಈ ಸಂಗತಿಯು ದಾಖಲಾಗಿದೆ.

ಇಲ್ಲಿಯೇ ನಿಜವಾದ ಪ್ರಶ್ನೆಯು ಹುಟ್ಟುವುದು. ಒಡೆಯರ ಪಕ್ಷದವರೂ ಬೈಬಲ್ಲನ್ನು ಕತ್ತರಿಸಿದರು, ಅಜ್ಜಿಯೂ ಕತ್ತರಿಸಿದಳು. ಅವರದು ವಂಚನೆ, ಈಕೆಯದು ವಿವೇಕ ಎಂದು ಹೃದಯವು ಒಡನೆಯೇ ತೀರ್ಪು ಕೊಡುತ್ತದೆ. ಆದರೆ ತರ್ಕವು ಅಷ್ಟು ಸುಲಭವಾಗಿ ಒಪ್ಪುವುದಿಲ್ಲ. ತನಗೆ ಸಲ್ಲದುದನ್ನು ತೆಗೆದುಹಾಕುವುದು ಇಬ್ಬರಲ್ಲಿಯೂ ಸಮಾನವೇ ಆದರೆ ಒಂದನ್ನು ಹಳಿದು ಇನ್ನೊಂದನ್ನು ಹೊಗಳುವುದಕ್ಕೆ ಆಧಾರವೇನು?

ಮೊದಲನೆಯ ಆಧಾರವು ಗ್ರಂಥದೊಳಗೇ ಇದೆ. ಧರ್ಮಶಾಸ್ತ್ರದಲ್ಲಿ ಶ್ರೇಷ್ಠವಾದ ಆಜ್ಞೆ ಯಾವುದೆಂದು ಕೇಳಿದವರಿಗೆ ಯೇಸುವು ದೈವಪ್ರೇಮ, ನೆರೆಯವನ ಪ್ರೇಮ ಎಂಬೆರಡನ್ನು ತೋರಿಸಿ, ಉಳಿದುದೆಲ್ಲವೂ ಅವನ್ನೇ ಅವಲಂಬಿಸಿದೆಯೆಂದು ಬೋಧಿಸಿದನು. ಉತ್ತರ ಆಫ್ರಿಕಾದ ಹಿಪ್ಪೋ ನಗರದ ಬಿಷಪ್ಪನಾಗಿದ್ದ ಸಂತ ಅಗಸ್ಟೀನನು ಕ್ರೈಸ್ತ ಬೋಧೆಯನ್ನು ಕುರಿತ ತನ್ನ ಗ್ರಂಥದಲ್ಲಿ ಇದನ್ನೇ ವ್ಯಾಖ್ಯಾನದ ಸೂತ್ರವನ್ನಾಗಿ ಮಾಡಿದನು. ಈ ಎರಡು ಪ್ರೇಮಗಳನ್ನು ಬೆಳೆಸದ ಅರ್ಥವನ್ನು ಹೇಳುವವನು ಶಾಸ್ತ್ರವನ್ನು ಇನ್ನೂ ತಿಳಿದವನಲ್ಲವೆಂಬುದು ಆತನ ಅಭಿಪ್ರಾಯ. ಈ ಸೂತ್ರದಿಂದ ಅಳೆದರೆ ಅಜ್ಜಿ ಉಳಿಸಿಕೊಂಡ ಪ್ರೀತಿಯ ಅಧ್ಯಾಯವು ಬೈಬಲ್ಲಿನ ತಿರುಳು. ಲಂಡನ್ನಿನ ಪುಸ್ತಕದಿಂದ ಬಿದ್ದುಹೋದುದೂ ತಿರುಳೇ. ಆಕೆ ಸಿಪ್ಪೆಯನ್ನು ತೆಗೆದಳು, ಅವರು ಹಣ್ಣನ್ನೇ ತೆಗೆದರು.

ಆದರೂ ಸೂತ್ರವೊಂದೇ ಸಾಲದು. ಅಗಸ್ಟೀನನೇ ದಾಸ್ಯವನ್ನು ಮಾನವನ ಪಾಪದ ಫಲವೆಂದು ವಿವರಿಸಿದನಲ್ಲದೆ ಅದನ್ನು ತೊಡೆದುಹಾಕಬೇಕೆಂದು ಹೇಳಲಿಲ್ಲ. ಪ್ರೇಮವೆಂಬ ಮಾತನ್ನು ಒಡೆಯನೂ ಆಡಬಲ್ಲನು. ಗುಲಾಮನ ಆತ್ಮೋದ್ಧಾರಕ್ಕಾಗಿಯೇ ತಾನು ಬೋಧಕನನ್ನು ಕರೆತಂದೆನೆಂದು ನಂಬಲೂಬಲ್ಲನು. ಆದುದರಿಂದ ಎರಡನೆಯದೊಂದು ಪರೀಕ್ಷೆ ಬೇಕು: ಈ ಅರ್ಥದಿಂದ ಲಾಭವಾಗುವುದು ಯಾರಿಗೆ, ಅದರ ಭಾರವನ್ನು ಹೊರುವವರು ಯಾರು? ಹೇಳುವವನಿಗೆ ಲಾಭವನ್ನೂ ಕೇಳುವವನಿಗೆ ಭಾರವನ್ನೂ ತರುವ ವ್ಯಾಖ್ಯಾನವು ಎಷ್ಟೇ ಪಾಂಡಿತ್ಯಪೂರ್ಣವಾಗಿದ್ದರೂ ಸಂಶಯಾಸ್ಪದವಾದುದು.

ಫಿಲೆಮೋನನಿಗೆ ಪೌಲನು ಬರೆದ ಚಿಕ್ಕ ಪತ್ರವು ಇದಕ್ಕೆ ನಿದರ್ಶನ. ಅದರಲ್ಲಿರುವುದು ಒಂದೇ ಅಧ್ಯಾಯ, 25 ವಾಕ್ಯಗಳು. ಸೆರೆಯಲ್ಲಿದ್ದ ಪೌಲನು ಒನೇಸಿಮನೆಂಬ ದಾಸನನ್ನು ಒಡೆಯನ ಬಳಿಗೆ ಹಿಂದಿರುಗಿಸುತ್ತ, ಆತನನ್ನು ದಾಸನೆಂದಲ್ಲದೆ ಪ್ರಿಯ ಸಹೋದರನೆಂದು ಬರಮಾಡಿಕೊಳ್ಳಬೇಕೆಂದು ಕೋರುತ್ತಾನೆ. ಸಾಲವೇನಾದರೂ ಇದ್ದರೆ ಅದನ್ನು ತನ್ನ ಲೆಕ್ಕಕ್ಕೆ ಹಚ್ಚಬೇಕೆಂದೂ ಬರೆಯುತ್ತಾನೆ. ಭಾರವನ್ನು ತಾನು ಹೊರಲು ಮುಂದಾದವನ ಪತ್ರವಿದು. ಅಮೆರಿಕದ ಬೋಧಕರು ಅದರಿಂದ ಓಡಿಹೋದ ಗುಲಾಮನನ್ನು ಹಿಡಿದೊಪ್ಪಿಸಬೇಕೆಂಬ ಅರ್ಥವನ್ನು ಮಾತ್ರ ತೆಗೆದರು. 1833ರಲ್ಲಿ ಜಾರ್ಜಿಯ ಪ್ರಾಂತದಲ್ಲಿ ಚಾರ್ಲ್ಸ್ ಕೋಲ್ಕಾಕ್ ಜೋನ್ಸ್ ಎಂಬ ಪಾದ್ರಿಯು ಗುಲಾಮರ ದೊಡ್ಡ ಸಭೆಯಲ್ಲಿ ಈ ಪತ್ರದ ಮೇಲೆ ಉಪದೇಶಿಸುತ್ತ ಓಡಿಹೋಗುವುದನ್ನು ಖಂಡಿಸಿದಾಗ ಸಭಿಕರಲ್ಲಿ ಅರ್ಧದಷ್ಟು ಜನ ಎದ್ದು ಹೊರಟರು. ಅಂತಹ ಪತ್ರವು ಬೈಬಲ್ಲಿನಲ್ಲಿ ಇರಲಾರದೆಂದು ಕೆಲವರು ಸಾಧಿಸಿದರು. ಪಾದ್ರಿಯೇ ಇದನ್ನು ಬರೆದಿಟ್ಟಿದ್ದಾನೆ. ಪತ್ರವು ಇದ್ದುದು ನಿಜ. ಆದರೆ ಆತನು ಹೇಳಿದ ಪತ್ರವು ಬೈಬಲ್ಲಿನಲ್ಲಿ ಇರಲಿಲ್ಲವೆಂಬುದೂ ನಿಜವೇ. ಅಕ್ಷರವರಿಯದ ಆ ಜನರು ಅಕ್ಷರವನ್ನು ತಪ್ಪಿದರು, ಅರ್ಥವನ್ನು ತಪ್ಪಲಿಲ್ಲ.

ಹಾಗಾದರೆ ನೊಂದವರು ಪುಟಗಳನ್ನು ಮುಚ್ಚಿಬಿಡುವುದೇ ಕೊನೆಯ ಮಾತೆ? ಥರ್ಮನ್ ಅಷ್ಟಕ್ಕೆ ನಿಲ್ಲಲಿಲ್ಲ. 1935ರಲ್ಲಿ ಆತನು ಸಿಂಹಳಕ್ಕೂ ಭಾರತಕ್ಕೂ ಯಾತ್ರೆ ಬಂದನು. 1936ರಲ್ಲಿ ಬಾರ್ಡೋಲಿಯಲ್ಲಿ ಗಾಂಧೀಜಿಯವರನ್ನು ಕಂಡನು. ಕೊಲಂಬೊ ನಗರದ ಕಾನೂನು ಕಾಲೇಜಿನಲ್ಲಿ ಉಪನ್ಯಾಸ ಮುಗಿದ ಮೇಲೆ ಹಿಂದೂ ಗೃಹಸ್ಥರೊಬ್ಬರು ಆತನನ್ನು ನೇರವಾಗಿ ಪ್ರಶ್ನಿಸಿದರು. ಪೂರ್ವಿಕರನ್ನು ಗುಲಾಮರನ್ನಾಗಿ ಒಯ್ದವರು ಕ್ರೈಸ್ತರು. ಗುಲಾಮರನ್ನು ಸಾಗಿಸಿದ ಹಡಗಿಗೆ ಯೇಸುವಿನ ಹೆಸರನ್ನೇ ಇಟ್ಟಿದ್ದರು. ಹೀಗಿದ್ದೂ ಆ ಮತದಲ್ಲಿ ಹೇಗೆ ಉಳಿದಿರುವಿರಿ? ಪ್ರಶ್ನೆಯು ನಿರಾಧಾರವಾದುದಲ್ಲ. ಜಾನ್ ಹಾಕಿನ್ಸ್ 1564ರಲ್ಲಿ ಗುಲಾಮರನ್ನು ಸಾಗಿಸಲು ಒಯ್ದ, ಎಲಿಜಬೆತ್ ರಾಣಿಗೆ ಸೇರಿದ ಹಡಗಿಗೆ ಆ ಹೆಸರೇ ಇತ್ತು. ಥರ್ಮನ್ ಈ ಪ್ರಶ್ನೆಯನ್ನು ವರ್ಷಗಟ್ಟಲೆ ಹೊತ್ತು, ಯೇಸುವು ಯಾರಾಗಿದ್ದನೆಂಬುದನ್ನು ಇತಿಹಾಸದಲ್ಲಿ ಹುಡುಕಿದನು. ಯೇಸು ಬಡವನಾದ ಯೆಹೂದ್ಯ, ರೋಮನರ ಆಳ್ವಿಕೆಗೆ ಸಿಕ್ಕ ಜನಾಂಗದವನು, ಪೌರತ್ವದ ರಕ್ಷಣೆಯಿಲ್ಲದವನು. ಪೌಲನಾದರೋ ರೋಮಿನ ಪೌರ. ರಾಜ್ಯದ ಕಾನೂನು ಆತನಿಗೆ ಆಶ್ರಯವೂ ಆಗಿದ್ದಿತು. ಅಧಿಕಾರವನ್ನು ಕುರಿತು ಪೌಲನಾಡಿದ ಕೆಲವು ಮಾತುಗಳಲ್ಲಿ ಈ ಸ್ಥಿತಿಯ ನೆರಳು ಬಿದ್ದಿದೆಯೆಂದು ಥರ್ಮನ್ ಕಂಡುಕೊಂಡನು. ಇದಕ್ಕೆ ಆಧುನಿಕ ವಿದ್ವತ್ತಿನ ಇನ್ನೊಂದು ಮಾತನ್ನೂ ಸೇರಿಸಬಹುದು. ಪೌಲನ ಹೆಸರಿನಲ್ಲಿರುವ 13 ಪತ್ರಗಳಲ್ಲಿ ಏಳು ನಿಸ್ಸಂದೇಹವಾಗಿ ಆತನವೆಂದು ವಿದ್ವಾಂಸರು ಸಾಮಾನ್ಯವಾಗಿ ಒಪ್ಪುತ್ತಾರೆ. ದಾಸರ ವಿಧೇಯತೆಯ ವಿಧಿಯಿರುವ ಎಫೆಸ, ಕೊಲೊಸ್ಸೆ ಪತ್ರಗಳು ಶಿಷ್ಯರು ಬರೆದವಾಗಿರಬಹುದೆಂದು ಅನೇಕರ ಮತ. ಭೇದವನ್ನು ಅಳಿಸಿದ ಗಲಾತ್ಯದ ಪತ್ರವಾದರೋ ಪೌಲನದೇ. ಹೀಗೆ ಅಜ್ಜಿಯ ಹೃದಯವು ಮುಚ್ಚಿದ ಪುಟವನ್ನು ಮೊಮ್ಮಗನ ತಲೆಮಾರಿನ ವಿದ್ವತ್ತು ಮತ್ತೆ ತೆರೆದು, ಅದಕ್ಕೆ ತಕ್ಕ ಸ್ಥಾನವನ್ನು ತೋರಿಸಿತು. ಹೃದಯವಿಲ್ಲದ ವಿದ್ವತ್ತು ಒಡೆಯನ ಸೇವಕ. ವಿದ್ವತ್ತಿಲ್ಲದ ಹೃದಯವು ಪುಟವನ್ನು ಮುಚ್ಚಬಲ್ಲದೇ ಹೊರತು ತೆರೆಯಲಾರದು.

ಶರಣರು ಈ ವಿಚಾರಕ್ಕೆ ಹೊಸಬರಲ್ಲ. ವೇದಾಗಮಗಳನ್ನು ಓದಿದುದರಿಂದಲೇ ಹಿರಿಯನಾಗುವನೆಂಬುದನ್ನು ಅವರು ಒಪ್ಪದೆ, ನುಡಿಯನ್ನು ನಡೆಯಿಂದ ಒರೆದು ನೋಡಿದರು. ಧರ್ಮದ ಬೇರನ್ನು ಕರುಣೆಯಲ್ಲಿ ಕಂಡರು. ಗಂಡನಾದ ಮಾರಯ್ಯನು ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಮಿಕ್ಕುದನ್ನು ಅಲ್ಲಿಯೇ ಸುರಿದು ಬರಬೇಕೆಂದು ಆಯ್ದಕ್ಕಿ ಲಕ್ಕಮ್ಮನು ಹೇಳಿದ ಕಥೆ ಪ್ರಸಿದ್ಧವಾಗಿದೆ. ಶಾಸ್ತ್ರದಿಂದ ಅರ್ಥವನ್ನು ಆಯುವವನಿಗೂ ಆ ತಾಯಿಯ ಮಾತು ಸಲ್ಲುತ್ತದೆ. ಸ್ವಂತದ ಕಣಜವನ್ನು ತುಂಬಿಕೊಳ್ಳಲು ತಂದ ಅರ್ಥವನ್ನು ಹಿಂದಿರುಗಿಸಿ ಬರಬೇಕು.

ಪರರ ಗ್ರಂಥದಲ್ಲಿ ಕತ್ತರಿಯ ಗುರುತನ್ನು ಹುಡುಕುವುದು ಸುಲಭ. ಫ. ಗು. ಹಳಕಟ್ಟಿಯವರು 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಪ್ರಕಟಿಸಿದಂದಿನಿಂದ ವಚನಗಳು ಮನೆಮನೆಗೂ ತಲುಪಿವೆ. ಯಾವ ಪುಟವನ್ನೂ ಯಾರೂ ಕಿತ್ತುಹಾಕಿಲ್ಲ. ಆದರೆ ಹರಳಯ್ಯ ಮಧುವರಸರ ಮಕ್ಕಳ ವಿವಾಹವನ್ನೂ, ಅದಕ್ಕಾಗಿ ಆ ಹಿರಿಯರು ತೆತ್ತ ಪ್ರಾಣವನ್ನೂ ವೇದಿಕೆಯ ಮೇಲೆ ಕೊಂಡಾಡಿ, ಮನೆಗೆ ಬಂದು ಮಗಳ ಸಂಬಂಧಕ್ಕೆ ಒಳಪಂಗಡವನ್ನು ವಿಚಾರಿಸುವವನು ಪುಸ್ತಕವನ್ನು ಕತ್ತರಿಸದೆಯೇ ಕತ್ತರಿಸಿದವನು. ಲಂಡನ್ನಿನ ಮುದ್ರಕರು ಕಾಗದದ ಮೇಲೆ ಮಾಡಿದುದನ್ನು ಆತನು ಬಾಳಿನಲ್ಲಿ ಮಾಡುತ್ತಾನೆ.

ಪ್ರಾಚೀನ ವಾಕ್ಯವನ್ನು ಇಂದಿನ ಕಾಲಕ್ಕೆ ಅರ್ಥೈಸುವುದೆಂದರೆ ಅದನ್ನು ಇಂದಿನ ಅನುಕೂಲಕ್ಕೆ ಬಗ್ಗಿಸುವುದಲ್ಲ. ಆ ವಾಕ್ಯದ ಮುಂದೆ ಇಂದಿನ ಬಾಳನ್ನು ನಿಲ್ಲಿಸುವುದು. ಯಾವ ಮಾತು ಓದುಗನಿಂದ ಏನನ್ನಾದರೂ ಬೇಡುತ್ತದೆಯೋ, ಯಾವುದನ್ನು ಓದಿದಾಗ ಕೈಯು ಪುಟವನ್ನು ಬೇಗನೆ ಮಗುಚಲು ತವಕಿಸುತ್ತದೆಯೋ, ಅಲ್ಲಿಯೇ ನಿಂತು ಎರಡನೆಯ ಬಾರಿ ಓದಬೇಕು. ಬೈಬಲ್ಲಿಗೂ ವಚನಕ್ಕೂ ಒರೆಗಲ್ಲು ಇದೊಂದೇ.