ಕರ್ತೃತ್ವ: ವಾಕ್ಯದಲ್ಲಿ ಮತ್ತು ನಾಟಕದಲ್ಲಿ

ಕ್ರಿಯೆಯಲ್ಲಿ ಸ್ವತಂತ್ರನಾಗಿ ತೊಡಗುವವನನ್ನು ಪಾಣಿನಿ ಕರ್ತೃವೆಂದು ಕರೆದನು. ಈ ಲಕ್ಷಣದ ವಿಶೇಷವೆಂದರೆ, 'ರಾಮನು ರಾವಣನನ್ನು ಕೊಂದನು' ಎಂಬ ಕರ್ತರಿ ಪ್ರಯೋಗವು 'ರಾಮನಿಂದ ರಾವಣನು ಕೊಲ್ಲಲ್ಪಟ್ಟನು' ಎಂದು ಕರ್ಮಣಿ ಪ್ರಯೋಗವಾದಾಗಲೂ, ಪ್ರಥಮಾ ವಿಭಕ್ತಿಯನ್ನು ಬಿಟ್ಟುಕೊಟ್ಟ ರಾಮನು ಕರ್ತೃವಾಗಿಯೇ ಉಳಿಯುತ್ತಾನೆ. ಆದರೆ 'ರಾಮನಿಂದ' ಎಂಬುದನ್ನು ತೆಗೆದರೂ ವಾಕ್ಯಕ್ಕೆ ಕೊರತೆಯಾಗದು. ಕೊಂದವನು ಮಾತ್ರ ಕಣ್ಮರೆಯಾಗುತ್ತಾನೆ. ಇಂಗ್ಲಿಷ್ ಪಾಠದಲ್ಲಿ ಈ ಪ್ರಯೋಗಭೇದವನ್ನು ವಾಕ್ಯ ಬದಲಾಯಿಸುವ ಕಸರತ್ತಾಗಿ ಮಾತ್ರ ಕಲಿಸುವುದರಿಂದ, ಅದೇ ತರಗತಿಯಲ್ಲಿ ನಾಟಕದ ಪಾತ್ರವನ್ನು ಅರಿಯಲು ಅದು ಒದಗಿಬರುವುದಿಲ್ಲ.

ಅರಿಸ್ಟಾಟಲ್ ತನ್ನ ಕಾವ್ಯಮೀಮಾಂಸೆಯಲ್ಲಿ ಪಾತ್ರದ ಶೀಲವನ್ನು ಆಯ್ಕೆಯೊಂದಿಗೆ ಬೆಸೆದನು: ಏನನ್ನು ಆರಿಸಿಕೊಳ್ಳುತ್ತಾನೆ, ಏನನ್ನು ತೊರೆಯುತ್ತಾನೆ ಎಂಬುದು ಹೊರಬೀಳದ ಮಾತಿನಲ್ಲಿ ಶೀಲವೂ ಕಾಣಿಸದು. ಹಾಗಿದ್ದರೆ ಪಾತ್ರವು ತನ್ನ ಕೃತ್ಯವನ್ನು ಯಾವ ಪ್ರಯೋಗದಲ್ಲಿ ಹೇಳಿಕೊಳ್ಳುತ್ತದೆ ಎಂಬುದೂ ಶೀಲದ ಸುಳಿವೇ. ದೊರೆಯ ಕೊಲೆಗೆ ಮುಂಚಿನ ಸ್ವಗತವನ್ನು ಮ್ಯಾಕ್‌ಬೆತ್ ಆರಂಭಿಸುವುದು, ಆ ಕೆಲಸವು ಮಾಡುವವನಿಲ್ಲದೆ ತಾನಾಗಿ ಮುಗಿದುಹೋಗುವಂಥದೋ ಎಂಬ ಧಾಟಿಯಲ್ಲಿ. ಕೊಲೆಯ ನಂತರ ಹೆಂಡತಿಯ ಮುಂದೆ ಅವನಾಡುವ ಮೊದಲ ಮಾತುಗಳಲ್ಲೇ ಉತ್ತಮ ಪುರುಷದ ಕರ್ತರಿ ಪ್ರಯೋಗ ಬಂದುಬಿಡುತ್ತದೆ.

ಇದರಿಂದ ಕರ್ಮಣಿ ಪ್ರಯೋಗವೆಲ್ಲ ನುಣುಚಿಕೊಳ್ಳುವ ಉಪಾಯವೆಂದು ತೀರ್ಮಾನಿಸುವುದು ಅವಸರವಾದೀತು. ಸೊಫೊಕ್ಲಿಸನ ಮೊದಲ ಈಡಿಪಸ್ ನಾಟಕದಲ್ಲಿ, ತಂದೆಯನ್ನು ಕೊಂದು ತಾಯಿಯನ್ನು ವರಿಸಿದ್ದು ತಿಳಿದೊಡನೆ ಕಣ್ಣು ಕಿತ್ತುಕೊಂಡ ಥೀಬ್ಸ್ ನಗರದ ದೊರೆಯು, ಸಂಕಟವನ್ನು ತಂದವನು ಅಪೊಲೊ ದೇವನೆಂದೂ ಕಣ್ಣಿಗೆ ಹೊಡೆದ ಕೈ ಮಾತ್ರ ತನ್ನದೇ ಎಂದೂ ಬಿಡಿಸಿ ಹೇಳುತ್ತಾನೆ. ಕವಿಯು ತೀರಿಕೊಂಡ ಮೇಲೆ, ಕ್ರಿ.ಪೂ. 401ರಲ್ಲಿ ರಂಗವೇರಿದ ಕೊಲೊನಸ್‌ನ ನಾಟಕದಲ್ಲಾದರೋ ಮುದುಕನಾದ ಅದೇ ಈಡಿಪಸ್, ತನ್ನ ಕೃತ್ಯಗಳು ತಾನು ಮಾಡಿದವುಗಳಿಗಿಂತ ಹೆಚ್ಚಾಗಿ ತನ್ನ ಮೇಲೆ ಬಂದೆರಗಿದವು ಎಂದು ವಾದಿಸುತ್ತಾನೆ. ಕೊಂದದ್ದು ಯಾರನ್ನೆಂದು ಅರಿಯದೆ, ಅದೂ ಪ್ರಾಣರಕ್ಷಣೆಗಾಗಿ, ಮದುವೆಯನ್ನೋ ನಗರವೇ ಕಟ್ಟಿತು.

ಮೇಲ್ನೋಟಕ್ಕೆ ಇಬ್ಬರೂ ಕರ್ತೃತ್ವವನ್ನು ಕಳಚಿಕೊಳ್ಳಲು ಹವಣಿಸಿದವರೇ. ಆದರೆ ಕೊಲ್ಲಲಿರುವುದು ಯಾರನ್ನು, ಅವನು ತನಗೆ ಏನಾಗಬೇಕು ಎಂಬುದೆಲ್ಲ ಮ್ಯಾಕ್‌ಬೆತ್‌ಗೆ ಗೊತ್ತಿತ್ತು, ಈಡಿಪಸ್‌ಗೆ ಗೊತ್ತಿರಲಿಲ್ಲ. ಅರಿಸ್ಟಾಟಲನ ನೀತಿಶಾಸ್ತ್ರವು ಅರಿಯದೆ ಎಸಗಿದ್ದನ್ನು ಇಚ್ಛೆಗೆ ವಿರುದ್ಧವಾದ ಕೃತ್ಯವೆಂದು ಒಪ್ಪುತ್ತದೆ, ಆದರೆ ತಿಳಿದ ಮೇಲೆ ಅದಕ್ಕಾಗಿ ನೊಂದಿರಬೇಕೆಂಬ ಷರತ್ತಿನ ಮೇಲೆ. ಕೊಲೊನಸ್‌ನಲ್ಲಿ ನಿಂತು ವಾದಿಸಿದವನು ಆ ಷರತ್ತನ್ನು ಥೀಬ್ಸ್‌ನಲ್ಲೇ ಪೂರೈಸಿ ಬಂದಿದ್ದನು.