ಬಿದ್ದವರ ತಪ್ಪೇನು?

ಆಟದಲ್ಲಿ ಒಬ್ಬರು ಬಿದ್ದರೆ ಹೊಣೆ ಯಾರದು? ಆಡಿದವರದೋ, ದಾಳದ್ದೋ, ಆಟ ಕಟ್ಟಿದವರದೋ? ಬೆಂಗಳೂರಿನಲ್ಲಿ ಗೇಮ್ ಡಿಸೈನ್ ಓದುತ್ತಿರುವ ನನಗೆ ಮೊದಮೊದಲು ಇದು ಬರೀ ಪಾಠದ ಪ್ರಶ್ನೆ. ಪರಮಪದದ ಪಟವನ್ನು ಕಂಪ್ಯೂಟರಿಗೆ ತರಲು ಕೂತ ಮೇಲೆ ಅದೇ ಪ್ರಶ್ನೆ ದೇವರ ನ್ಯಾಯದವರೆಗೂ ಬೆಳೆಯಿತು.

ಮನೆಯಲ್ಲಿ ಆಡುತ್ತಿದ್ದ ಹಳೆಯ ಆಟವೊಂದಕ್ಕೆ ಡಿಜಿಟಲ್ ರೂಪ ಕೊಡಿ ಎಂದು ತರಗತಿಯಲ್ಲಿ ಹೇಳಿದಾಗ ನಾನು ಯೋಚಿಸುವ ಪ್ರಮೇಯವೇ ಬರಲಿಲ್ಲ. ನಂಜನಗೂಡಿನ ನಮ್ಮ ಮನೆಯಲ್ಲಿ ಅಜ್ಜಿಯ ಪರಮಪದದ ಪಟವಿದೆ. ವೈಕುಂಠ ಏಕಾದಶಿಯ ರಾತ್ರಿ ಜಾಗರಣೆಗೆಂದು ಅದು ಪೆಟ್ಟಿಗೆಯಿಂದ ಹೊರಬರುತ್ತಿತ್ತು. ಸದ್ಗುಣಗಳ ಏಣಿ, ದುರ್ಗುಣಗಳ ಹಾವು, ತುದಿಯಲ್ಲಿ ವೈಕುಂಠ. ನಮ್ಮ ಮೈಸೂರು ಸೀಮೆಗೆ ಮಣೆಯಾಟಗಳ ದೊಡ್ಡ ಪರಂಪರೆಯೇ ಇದೆ. ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ತಾವೇ ಹೊಸ ಆಟಗಳನ್ನು ರಚಿಸಿದವರು. ಅವರ ಶ್ರೀತತ್ತ್ವನಿಧಿಯ ಒಂಬತ್ತು ನಿಧಿಗಳಲ್ಲಿ ಒಂದಾದ ಕೌತುಕನಿಧಿಯಲ್ಲಿ ಆಟಗಳ ವಿವರಗಳಿವೆ. ದೇವತೆಗಳ ಮೂರ್ತಿಲಕ್ಷಣ ಹೇಳುವ ಗ್ರಂಥದಲ್ಲೇ ಆಟಕ್ಕೂ ಜಾಗ ಕೊಟ್ಟ ಅರಸರು, ಆಟವನ್ನು ಹೊತ್ತು ಕಳೆಯುವ ಸಾಧನವೆಂದಷ್ಟೇ ಎಣಿಸಿರಲಾರರು.

ನಾನು ಬಳಸಿದ್ದು ಗೊಡೊ ಎಂಬ ಗೇಮ್ ಎಂಜಿನ್. 2014ರಲ್ಲಿ ಮುಕ್ತ ತಂತ್ರಾಂಶವಾಗಿ ಹೊರಬಂದ ಇದಕ್ಕೆ ಹಣ ಕೊಡಬೇಕಿಲ್ಲ. ನನ್ನ ಹಳೆಯ ಲ್ಯಾಪ್‌ಟಾಪಿನಲ್ಲೂ ಓಡುತ್ತದೆ. ಮನೆಗಳ ಜೋಡಣೆ, ಕಾಯಿ ಮನೆಯಿಂದ ಮನೆಗೆ ಜಿಗಿಯುವ ಚಲನೆ, ಹಾವಿನ ಬಾಯಿಂದ ಬಾಲಕ್ಕೆ ಜಾರುವಾಗಿನ ಸದ್ದು, ಇವಕ್ಕೆಲ್ಲ ವಾರಗಟ್ಟಲೆ ಹಿಡಿಯಿತು. ದಾಳಕ್ಕೆ ಬೇಕಾದದ್ದು ಒಂದೇ ಸಾಲಿನ ಕೋಡ್: ಒಂದರಿಂದ ಆರರೊಳಗೆ ಯಾವುದಾದರೂ ಒಂದು ಸಂಖ್ಯೆ ಕೊಡು. ಸಾವಿರಾರು ಸಲ ದಾಳ ಹಾಕಿಸಿ ಲೆಕ್ಕ ತೆಗೆದೆ. ಆರೂ ಮುಖಗಳು ಹೆಚ್ಚುಕಡಿಮೆ ಸಮವಾಗಿ ಬಿದ್ದವು. ಈ ಲೋಕದಲ್ಲಿ ಪಕ್ಷಪಾತವಿಲ್ಲ ಎಂಬ ಭರವಸೆಯಿಂದ ಹಾಸ್ಟೆಲಿನ ಗೆಳತಿಯರ ಕೈಗೆ ಆಟ ಕೊಟ್ಟೆ.

ಜೂನಿಯರ್ ಹುಡುಗಿಯೊಬ್ಬಳು ವೈಕುಂಠದ ಹತ್ತಿರ ಬಂದು ‘ಮತ್ಸರ’ದ ಹಾವಿನ ಬಾಯಿಗೆ ಬಿದ್ದಳು. ತಲೆಯೆತ್ತಿ ನನ್ನನ್ನು ಕೇಳಿದಳು: “ಅಕ್ಕಾ, ನಾನು ಯಾರನ್ನ ನೋಡಿ ಹೊಟ್ಟೆಕಿಚ್ಚು ಪಟ್ಟೆ? ನನಗೆ ಮೂರು ಬಿತ್ತು, ಅಷ್ಟೇ ತಾನೆ?”

ಆಡುವವರ ದೂರು ಆಟ ಕಟ್ಟುವವರಿಗೆ ಹೊಸದೇನಲ್ಲ. ‘ಸಿವಿಲೈಸೇಶನ್’ ಆಟದ ಕರ್ತೃ ಸಿಡ್ ಮೈಯರ್ 2010ರ ಗೇಮ್ ಡೆವಲಪರ್ಸ್ ಕಾನ್ಫರೆನ್ಸಿನ ಭಾಷಣದಲ್ಲಿ ಇದನ್ನೇ ವಿವರಿಸಿದ್ದರು. ಮೂರಕ್ಕೆ ಒಂದರಂತೆ ತಮ್ಮ ಬಲ ಹೆಚ್ಚಿರುವಾಗ ಸೋತರೆ ಆಟಗಾರರಿಗೆ ಅದು ಸರಿಕಾಣುವುದಿಲ್ಲ. ಲೆಕ್ಕದ ಪ್ರಕಾರ ನಾಲ್ಕರಲ್ಲೊಮ್ಮೆ ಸೋಲಬೇಕಾದದ್ದೇ ಎಂಬುದನ್ನು ಮನಸ್ಸು ಒಪ್ಪುವುದಿಲ್ಲ. ಅದಕ್ಕೇ ಕೆಲವು ಆಟಗಳಲ್ಲಿ ದಾಳವನ್ನು ಒಳಗೊಳಗೇ ಆಟಗಾರರ ಕಡೆಗೆ ವಾಲಿಸಿರುತ್ತಾರೆ. ನೀನೂ ಹಾಗೇ ಮಾಡು ಎಂದರು ಸಹಪಾಠಿಗಳು. ನನಗೆ ಅದು ಉತ್ತರವೆನಿಸಲಿಲ್ಲ. ಗೆಲುವು ಹೆಚ್ಚಾಗಲಿ ಎಂದು ಆ ಹುಡುಗಿ ಕೇಳಿರಲಿಲ್ಲ. ಬಿದ್ದದ್ದಕ್ಕೆ ಅವಳಿಗೆ ಕಾರಣ ಬೇಕಿತ್ತು.

ಈ ದೂರಿಗೆ ಬಹಳ ವಯಸ್ಸಾಗಿದೆ. ಬ್ರಹ್ಮಸೂತ್ರದ ಎರಡನೆಯ ಅಧ್ಯಾಯದ ಮೊದಲ ಪಾದದಲ್ಲಿ, ಸೃಷ್ಟಿ ಈಶ್ವರನ ಲೀಲೆ ಎಂದು ಹೇಳಿದ ಬೆನ್ನಲ್ಲೇ ಸೂತ್ರಕಾರರು ಎದುರಿಸುವುದು ಇದೇ ಆಕ್ಷೇಪವನ್ನು. ಒಬ್ಬರಿಗೆ ಸುಖ, ಇನ್ನೊಬ್ಬರಿಗೆ ದುಃಖ ಕೊಡುವ ಈಶ್ವರ ಪಕ್ಷಪಾತಿಯಲ್ಲವೇ, ನಿರ್ದಯಿಯಲ್ಲವೇ? ಆತ ಜೀವರ ಕರ್ಮವನ್ನು ನೋಡಿಯೇ ಫಲ ಕೊಡುತ್ತಾನೆ ಎಂಬುದು ಅಲ್ಲಿನ ಸಮಾಧಾನ. ಶಂಕರರು ಭಾಷ್ಯದಲ್ಲಿ ಮಳೆಯ ದೃಷ್ಟಾಂತ ಕೊಡುತ್ತಾರೆ: ಮಳೆ ಎಲ್ಲ ಬೆಳೆಗೂ ಒಂದೇ, ಭತ್ತ ಭತ್ತವಾಗುವುದೂ ಜವೆಗೋಧಿ ಜವೆಗೋಧಿಯಾಗುವುದೂ ಬೀಜದ ಗುಣದಿಂದ. ಹಾಗಾದರೆ ಮೊಟ್ಟಮೊದಲ ಸೃಷ್ಟಿಯಲ್ಲಿ ಕರ್ಮವೆಲ್ಲಿತ್ತು? ಸಂಸಾರಕ್ಕೆ ಮೊದಲೆಂಬುದೇ ಇಲ್ಲ, ಅದು ಅನಾದಿ ಎಂದು ಮುಂದಿನ ಸೂತ್ರದ ಉತ್ತರ. ಉಡುಪಿಯ ಬಳಿಯ ಪಾಜಕದಲ್ಲಿ ಹುಟ್ಟಿದ ಮಧ್ವಾಚಾರ್ಯರು ಇನ್ನೂ ಮುಂದೆ ಹೋಗಿ, ಜೀವರ ಸ್ವರೂಪಯೋಗ್ಯತೆಯೇ ಅನಾದಿಯಿಂದ ಬೇರೆಬೇರೆ ಎಂದರು.

ಈ ಸಮಾಧಾನಗಳನ್ನು ನನ್ನ ಪಟದ ಮೇಲಿಟ್ಟು ನೋಡಿದೆ. ಒಂದೂ ಹೊಂದಲಿಲ್ಲ. ಇಲ್ಲಿ ಮಳೆ ಇದೆ, ಬೀಜವಿಲ್ಲ. ಎಲ್ಲ ಕಾಯಿಗಳೂ ಒಂದೇ ತೆರನಾದವು. ‘ಹೊಸ ಆಟ’ ಎಂಬ ಗುಂಡಿ ಒತ್ತಿದ ಕ್ಷಣವೇ ಅವುಗಳ ಆದಿ. ಅದರ ಹಿಂದೆ ಅವಕ್ಕೆ ಜನ್ಮವಿಲ್ಲ, ಕರ್ಮವಿಲ್ಲ. ಮನೆಗೆ ಪಾಪದ ಹೆಸರಿದೆ, ಪಾಪ ಮಾಡಿದವರು ಯಾರೂ ಇಲ್ಲ. ದಾಳ ಎಷ್ಟೇ ಸಮವಾಗಿದ್ದರೂ, ಅದರಿಂದ ಬಿದ್ದವರಿಗೆ ಅಪರಾಧದ ಹೆಸರು ಹಚ್ಚಿದರೆ ಅದು ನ್ಯಾಯವಾಗದು.

ಹಬ್ಬಕ್ಕೆ ಊರಿಗೆ ಹೋದಾಗ ಇದನ್ನೆಲ್ಲ ಅಜ್ಜಿಯ ಮುಂದೆ ಹೇಳಿದೆ. “ಬಿದ್ದಾಗ ಅಳಬಾರದು, ಏರಿದಾಗ ಮೆರೀಬಾರದು, ಅದನ್ನ ಕಲೀಲಿ ಅಂತ ಕಣೇ ಆ ಆಟ,” ಎಂದರು. “ಬಿದ್ದೋರನ್ನ ನಾವು ಯಾವತ್ತೂ ಪಾಪಿ ಅಂತ ಕರೀಲಿಲ್ಲ. ದೇವರ ಹೆಸರು ಹೇಳಿ ಮತ್ತೆ ದಾಳ ಹಾಕು ಅಂತಿದ್ವಿ.”

ಆ ಮಾತಿನಿಂದ ನನಗೆ ಪಟದ ಘನತೆ ತಿಳಿಯಿತು. ಹತ್ತು ಜನ ಸುತ್ತ ಕೂತು, ಬಿದ್ದವರ ಬೆನ್ನು ತಟ್ಟುತ್ತ ಆಡುವಾಗ ಅದು ಸಮಚಿತ್ತದ ಅಭ್ಯಾಸ. ಪರದೆಯ ಮುಂದೆ ಒಬ್ಬಳೇ ಕೂತವಳಿಗೆ ಆ ಹತ್ತು ಜನರಿಲ್ಲ. ಅವಳಿಗೆ ಕಾಣುವುದು ‘ಮತ್ಸರ’ ಎಂಬ ಅಕ್ಷರ ಮಾತ್ರ. ಅಲ್ಲಿ ಕಾರಣ ಕೊಡುವ ಹೊಣೆ ಆಟ ಕಟ್ಟಿದ ನನ್ನದು.

ದಾರಿ ಸಿಕ್ಕಿದ್ದು ಚೌಕಾಬಾರ ಎಂಬ ಇನ್ನೊಂದು ಮಣೆಯಾಟದಲ್ಲಿ. ಅಲ್ಲೂ ದೈವವಿದೆ. ಒಂದು ಮಗ್ಗುಲು ತೇಯ್ದ ನಾಲ್ಕು ಹುಣಸೆಬೀಜ ಎಸೆದರೆ ಅವು ಬೀಳಬಹುದಾದ ಬಗೆ 16. ಅವುಗಳಲ್ಲಿ ಎರಡು ಬೀಳುವುದು 6 ಬಗೆಯಲ್ಲಿ. ಚೌಕ, ಬಾರ ಎಂಬ ದೊಡ್ಡ ಎಣಿಕೆಗಳಿಗೆ ಒಂದೊಂದೇ ಬಗೆ. ಎಷ್ಟು ಬೀಳಬೇಕೆಂಬುದು ನಮ್ಮ ಕೈಯಲ್ಲಿಲ್ಲ. ಬಿದ್ದದ್ದನ್ನು ಯಾವ ಕಾಯಿಗೆ ನಡೆಸಬೇಕೆಂಬುದು ಪೂರ್ತಿ ನಮ್ಮದು. ಹಿಂದೆ ಉಳಿದ ಕಾಯಿಯನ್ನು ಕಟ್ಟೆಗೆ ಸೇರಿಸಿ ಕಾಪಾಡಿಕೊಳ್ಳಬೇಕೋ, ಆಸೆಗೆ ಬಿದ್ದು ಎದುರಾಳಿಯ ಕಾಯಿ ಹೊಡೆಯಲು ಮುನ್ನುಗ್ಗಬೇಕೋ? ಲೋಭ, ಸಹನೆ ಎಲ್ಲ ಅಲ್ಲಿ ಆಡುವವರ ನಡೆಯಲ್ಲೇ ಕಾಣುತ್ತವೆ.

ನನ್ನ ಪಟವನ್ನು ಹಾಗೆ ಬದಲಿಸಿದೆ. ಈಗ ಒಬ್ಬೊಬ್ಬರಿಗೂ ಎರಡು ಕಾಯಿ. ದಾಳ ಬಿದ್ದ ಮೇಲೆ ಯಾವುದನ್ನು ನಡೆಸಬೇಕೆಂದು ಅವರೇ ಆರಿಸಬೇಕು. ಎದುರಾಳಿಯ ಕಾಯಿಯನ್ನು ಹಿಂದಕ್ಕೆ ತಳ್ಳಿದವರನ್ನು ಮಾತ್ರ ಮತ್ಸರದ ಹಾವು ನುಂಗುತ್ತದೆ. ತಳ್ಳದವರು ಅದೇ ಮನೆಯಲ್ಲಿ ನಿಶ್ಚಿಂತೆಯಾಗಿ ನಿಲ್ಲಬಹುದು. ಈ ನಿಯಮ ಆಟ ಶುರುವಾಗುವ ಮೊದಲೇ ಎಲ್ಲರಿಗೂ ಕಾಣುವಂತೆ ಪರದೆಯ ಮೇಲಿರುತ್ತದೆ.

ಹೀಗೆ ಮಾಡಿದ ಮೇಲೆ ಇನ್ನೊಂದು ವಿಷಯ ಹೊಳೆಯಿತು. ಕಂಪ್ಯೂಟರಿನ ದಾಳ ನಿಜವಾದ ಆಕಸ್ಮಿಕವಲ್ಲ. ‘ಸೀಡ್’ ಎಂಬ ಆರಂಭದ ಸಂಖ್ಯೆಯೊಂದರಿಂದ ಮುಂದಿನ ಸಂಖ್ಯೆಗಳನ್ನೆಲ್ಲ ಗಣಿತವೇ ಹುಟ್ಟಿಸುತ್ತದೆ. ಸೀಡ್ ಒಂದೇ ಆದರೆ ಬೀಳುವ ಸಂಖ್ಯೆಗಳ ಸಾಲೂ ಒಂದೇ. ಹಳೆಯ ಪಟದಲ್ಲಿ ಸೀಡ್ ಗೊತ್ತಿದ್ದರೆ ಯಾರು ಎಲ್ಲಿ ಬೀಳುತ್ತಾರೆ, ಯಾರು ವೈಕುಂಠ ಸೇರುತ್ತಾರೆ ಎಂಬುದನ್ನು ಮೊದಲೇ ಬರೆದಿಡಬಹುದಿತ್ತು. ಆಡುವವರು ಎದ್ದು ಹೋದರೂ ಫಲಿತಾಂಶ ಅದೇ. ಹೊಸ ಪಟದಲ್ಲಿ ಬೀಳುವ ಸಂಖ್ಯೆಗಳೆಲ್ಲ ಗೊತ್ತಿದ್ದೂ ಕೊನೆ ಏನಾಗುತ್ತದೆಂದು ಹೇಳಲಾರೆ. ಆಡುವವಳು ಯಾವ ಕಾಯಿಗೆ ಕೈಹಾಕುತ್ತಾಳೆಂಬುದು ನನ್ನ ಕೋಡಿನಲ್ಲಿ ಬರೆದಿಲ್ಲ. ದೈವ ಪೂರ್ತಿ ನಿಗದಿಯಾಗಿದ್ದರೂ ಪುರುಷಪ್ರಯತ್ನಕ್ಕೆ ಜಾಗ ಉಳಿಯಬಲ್ಲದು ಎಂಬ ನಂಬಿಕೆ ನನ್ನಲ್ಲಿ ಗಟ್ಟಿಯಾದದ್ದು ಇಲ್ಲಿ.

ಈಶ್ವರನ ನ್ಯಾಯವನ್ನು ಒಂದು ಆಟದ ಪಟ ಬಗೆಹರಿಸಲಾರದು. ಮನುಷ್ಯರ ನಡುವಿನ ನ್ಯಾಯಕ್ಕೆ ಅದು ನನಗೊಂದು ಅಳತೆಗೋಲು ಕೊಟ್ಟಿದೆ. ಬಡತನದಲ್ಲಿ ಹುಟ್ಟಿದವರನ್ನು, ರೋಗ ತಗುಲಿದವರನ್ನು, ಮಳೆ ಕೈಕೊಟ್ಟು ಸಾಲದಲ್ಲಿ ಮುಳುಗಿದ ರೈತರನ್ನು ನೋಡಿ ‘ಅವರ ಕರ್ಮ’ ಎಂದುಬಿಡುವುದು ನಮ್ಮಲ್ಲಿ ಬಹಳ ಸಲೀಸು. ಕರ್ಮದ ಮಾತು ಇರುವುದು ನಮ್ಮ ನಮ್ಮ ನಡೆಯನ್ನು ನಾವೇ ತೂಗಿ ನೋಡಿಕೊಳ್ಳಲು. ಬೇರೆಯವರ ಪತನಕ್ಕೆ ಹೆಸರಿಡಲು ಅದನ್ನು ಬಳಸುವುದು ಅನ್ಯಾಯ. ಯಾರನ್ನಾದರೂ ಹಾಗೆನ್ನುವ ಮೊದಲು, ಅವರಿಗೆ ನಡೆಸಲು ಇನ್ನೊಂದು ಕಾಯಿ ಇತ್ತೇ ಎಂದು ದಯವಿಟ್ಟು ಕೇಳಿಕೊಳ್ಳಿ. ಇರಲಿಲ್ಲವೆಂದಾದರೆ ಉಪದೇಶವನ್ನು ಬದಿಗಿಟ್ಟು, ಆ ಎರಡನೆಯ ಕಾಯಿ ಅವರ ಕೈಗೆ ಸಿಗುವಂತೆ ಮಾಡಿ.