ಆಗಲ್ಲ ಎನ್ನುವ ಮಾತಿನ ಬೆಲೆ

ಗುಂಪಾಗಿ ಬೆಟ್ಟ ಹತ್ತುವವರು ಹೆಚ್ಚು ಆಡುವ ಮಾತು ಎರಡು. ಮೊದಲನೆಯದು, 'ಇನ್ನೇನು ಬಂತು'. ಅದು ಸುಳ್ಳೆಂದು ಹೇಳುವವರಿಗೂ ಗೊತ್ತು, ಕೇಳುವವರಿಗೂ ಗೊತ್ತು, ಹಾಗಾಗಿ ಅದರಿಂದ ದೊಡ್ಡ ಹಾನಿಯಿಲ್ಲ. ಎರಡನೆಯದು, 'ಆಗುತ್ತೆ ಬಾ'. ಯಾರೋ ಒಬ್ಬರು 'ನನ್ನಿಂದ ಆಗಲ್ಲ' ಎಂದಾಗ ಉಳಿದವರೆಲ್ಲ ಸೇರಿ ಕೊಡುವ ಉತ್ತರ ಅದು. ಈ ಮಾತು ಧೈರ್ಯ ತುಂಬುತ್ತದೋ ಅಥವಾ ಬಾಯಿ ಮುಚ್ಚಿಸುತ್ತದೋ? ಎರಡನ್ನೂ ಒಂದೇ ದನಿಯಲ್ಲಿ, ಒಂದೇ ನಗುಮುಖದಲ್ಲಿ ಹೇಳಬಹುದಾದ್ದರಿಂದ ಈ ಪ್ರಶ್ನೆ ಕಾಣುವಷ್ಟು ಸುಲಭವಲ್ಲ.

ನಾನು ಬೆಳೆದದ್ದು ಭದ್ರಾವತಿಯ ಜನ್ನಾಪುರದಲ್ಲಿ. ನಮ್ಮ ಕಡೆಯವರಿಗೆ ಬೆಟ್ಟವೆಂದರೆ ಕೊಡಚಾದ್ರಿ, ಕುಂದಾದ್ರಿ. ಕಾಡು, ಜಿಗಣೆ, ಕೆಸರು, ಕಾಲುದಾರಿ. ಅಲ್ಲಿ ಸೋತವರು ದಾರಿ ಬದಿಯಲ್ಲಿ ಕೂತು, ಸುಧಾರಿಸಿಕೊಂಡು, ಬೇಕೆಂದರೆ ಬಂದ ದಾರಿಯಲ್ಲೇ ವಾಪಸಾಗಬಹುದು. ದಣಿವಷ್ಟೇ ಸಮಸ್ಯೆ. ಬಾದಾಮಿಯ ಮರಳುಗಲ್ಲು ಹಾಗಲ್ಲ. ಅಲ್ಲಿ ಕೆಲವು ಕಡೆ ಕಾಲಿನ ಜೊತೆ ಕೈಯನ್ನೂ ಬಳಸಿ, ಬಂಡೆಯ ಬಿರುಕಿಗೆ ಬೆನ್ನು ಕೊಟ್ಟು, ಅಂಚು ಹಿಡಿದು ಮೇಲೇರಬೇಕು. ಹೀಗೆ ಏರುವಾಗ ಹಿಡಿಯಬೇಕಾದ ಅಂಚು ಕಣ್ಣೆದುರಿಗೇ ಇರುತ್ತದೆ. ಇಳಿಯುವಾಗ ಕಾಲಿಡಬೇಕಾದ ಜಾಗ ನಮ್ಮ ಮೈಯ ಕೆಳಗೇ ಮರೆಯಾಗಿರುತ್ತದೆ. ಹತ್ತಿದಷ್ಟು ಸುಲಭವಾಗಿ ಇಳಿಯಲಾಗದು ಎಂಬುದು ಬಂಡೆ ಕಲಿಸುವ ಮೊದಲ ಪಾಠ.

ಈ ಪಾಠದೊಳಗೆ ಒಂದು ನೈತಿಕ ತೊಡಕಿದೆ. ಬುಡದಲ್ಲಿ ನಿಂತು 'ನಾನೂ ಬರ್ತೀನಿ' ಎಂದವರು ಒಪ್ಪಿದ್ದು ಯಾವುದಕ್ಕೆ? ಅವರಿಗೆ ಕಂಡದ್ದಕ್ಕೆ ಮಾತ್ರ. ಹತ್ತಡಿ ಮೇಲೇರಿದ ಮೇಲೆ ಕಾಣುವ ಬಿರುಕಿಗಾಗಲಿ, ಇಳಿಯುವಾಗಿನ ಕಾಣದ ಹೆಜ್ಜೆಗಾಗಲಿ ಅವರು ಒಪ್ಪಿರಲಿಲ್ಲ. ಆದರೂ ಅರ್ಧದಲ್ಲಿ ನಿಂತವರಿಗೆ ನಾವು ಹೇಳುವುದು, 'ಬರ್ತೀನಿ ಅಂದಿದ್ಯಲ್ಲ!' ಕೆಳಗೆ ಕೊಟ್ಟ ಒಪ್ಪಿಗೆಯನ್ನು ಮೇಲೆ ಸಾಲದ ಪತ್ರದಂತೆ ತೋರಿಸುತ್ತೇವೆ.

ಜೊತೆಯಾಗಿ ನಡೆಯುವುದರ ಬಗ್ಗೆ ತತ್ತ್ವಜ್ಞಾನಿ ಮಾರ್ಗರೆಟ್ ಗಿಲ್ಬರ್ಟ್ 1990ರಲ್ಲಿ ಒಂದು ಪ್ರಬಂಧ ಬರೆದರು. ಇಬ್ಬರು ಅಕ್ಕಪಕ್ಕದಲ್ಲಿ ನಡೆಯುವುದೂ ಇಬ್ಬರು ಕೂಡಿ ನಡೆಯುವುದೂ ಒಂದೇ ಅಲ್ಲ ಎನ್ನುವುದು ಅವರ ವಾದದ ತಿರುಳು. ಕೂಡಿ ಹೊರಟವರಲ್ಲಿ ಒಬ್ಬರು ಹೇಳದೆ ಕೇಳದೆ ಮುಂದೆ ಹೋಗಿಬಿಟ್ಟರೆ ಹಿಂದುಳಿದವರಿಗೆ ಆಕ್ಷೇಪಿಸುವ ಹಕ್ಕಿರುತ್ತದೆ. ಹಾಗೆಯೇ ಒಬ್ಬರು ತಮ್ಮಷ್ಟಕ್ಕೆ ತಾವೇ ಬಿಟ್ಟು ಹೋಗುವಂತೆಯೂ ಇಲ್ಲ, ಇನ್ನೊಬ್ಬರ ಸಮ್ಮತಿ ಬೇಕು. ಸಪಾಟು ನೆಲದಲ್ಲಿ ಈ ಮಾತು ಸರಿಯಾಗಿಯೇ ಇದೆ. ಬಂಡೆಯ ಮೇಲೆ ಅದರ ಎರಡನೇ ಭಾಗ ಹೊರೆಯಾಗುತ್ತದೆ. ಭಯದಲ್ಲಿರುವವರು ನಿಲ್ಲುವುದಕ್ಕೂ ಉಳಿದವರ ಸಮ್ಮತಿ ಕೇಳಬೇಕಾದರೆ, ಆ ಸಮ್ಮತಿಯನ್ನು ಕೊಡಬೇಕಾದವರು ಆಗಲೇ ಮೇಲೆ ನಿಂತು ಶಿಖರದ ಕಡೆ ನೋಡುತ್ತಿರುತ್ತಾರೆ.

ಹೋದ ಡಿಸೆಂಬರಿನಲ್ಲಿ ನಾವು ಹನ್ನೊಂದು ಜನ ಭದ್ರಾವತಿಯಿಂದ ಬಾದಾಮಿಗೆ ಹೋಗಿದ್ದೆವು. ಗುಹೆ, ಕೋಟೆಗಳನ್ನು ಮೊದಲ ದಿನ ನೋಡಿ ಮುಗಿಸಿದೆವು. ಮರುದಿನ ಬೆಳಿಗ್ಗೆ, ಸ್ಮಾರಕಗಳಿಂದ ದೂರವಾಗಿ, ಊರಾಚೆಯ ಕುರುಚಲು ಬಯಲನ್ನು ದಾಟಿ ಒಂದು ಬಂಡೆಗುಡ್ಡಕ್ಕೆ ಹೊರಟೆವು. ತುದಿಗೆ ಸ್ವಲ್ಪ ಕೆಳಗೆ ಎರಡಾಳೆತ್ತರದ ಒಂದು ಬಿರುಕು. ಆರು ಜನ ಹತ್ತಿಯಾಗಿತ್ತು. ಏಳನೆಯವಳು, ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿರುವ ಗೆಳತಿ, ಬಿರುಕಿನೊಳಗೆ ಒಂದು ಕಾಲಿಟ್ಟು, ಹಿಂದೆ ತೆಗೆದು, 'ನನ್ನಿಂದ ಆಗಲ್ಲ, ನೀವು ಹೋಗ್ಬನ್ನಿ' ಎಂದಳು. ಮೇಲಿನಿಂದ ಆರು ಬಾಯಿ ಒಟ್ಟಿಗೆ 'ಆಗುತ್ತೆ ಬಾರೇ' ಎಂದವು. ಕೈ ಚಾಚಿದರು. ಫೋನುಗಳೂ ಎದ್ದವು. ಅವಳ ಮುಖದಲ್ಲಿ ಒಂದು ನಗು ಬಂತು. ಅದು ಖುಷಿಯ ನಗುವಲ್ಲ, ಹತ್ತು ಜನ ನೋಡುತ್ತಿರುವಾಗ ಬರುವ ನಗು.

ಆಗ ನಮ್ಮಲ್ಲಿ ಎಲ್ಲರಿಗಿಂತ ಹಿರಿಯರಾದ, ಶಾಲಾ ಮೇಷ್ಟ್ರೊಬ್ಬರು ಕೆಳಗೆ ಕಲ್ಲಿನ ಮೇಲೆ ಕೂತು ಶೂ ಲೇಸ್ ಬಿಚ್ಚಿದರು. 'ನಾನೂ ಇಲ್ಲೇ ಇರ್ತೀನಮ್ಮ. ಹೆಂಗೂ ಮಂಡಕ್ಕಿ ಚೀಲ ನನ್ನ ಹತ್ರಾನೇ ಇದೆ' ಎಂದರು. ಅಷ್ಟೇ. ಅವಳು ಬಂದು ಪಕ್ಕದಲ್ಲಿ ಕೂತಳು. ಉಳಿದ ಒಂಬತ್ತು ಜನ ಮೇಲೆ ಹೋಗಿ ಬಂದೆವು.

ಬಹಳ ದಿನ ನಾನು ಇದನ್ನು ಮೇಷ್ಟ್ರ ದೊಡ್ಡತನವೆಂದಷ್ಟೇ ತಿಳಿದಿದ್ದೆ. ಈಗ ಅದರಲ್ಲಿ ಒಂದು ಲೆಕ್ಕವೂ ಕಾಣುತ್ತದೆ. ಗುಂಪಿನಲ್ಲಿ 'ಆಗಲ್ಲ' ಎನ್ನುವುದಕ್ಕೆ ಒಂದು ಬೆಲೆಯಿದೆ: ಎಲ್ಲರನ್ನೂ ತಡೆದೆ ಎಂಬ ಅಳುಕು, ಒಂಟಿಯಾಗಿ ಕೂರಬೇಕಾದ ಸಂಕೋಚ, ವಾಪಸು ಹೋಗುವಾಗ ಗಾಡಿಯಲ್ಲಿ ಕೇಳಬೇಕಾದ ತಮಾಷೆ. ಮೇಷ್ಟ್ರು ಆ ಬೆಲೆಯನ್ನು ಮಾಯ ಮಾಡಲಿಲ್ಲ, ಅದರ ದೊಡ್ಡ ಪಾಲನ್ನು ತಾವು ಕೊಟ್ಟರು. ಅವರಿಗೂ ತುದಿ ನೋಡುವ ಆಸೆಯಿತ್ತು. ಶೂ ಲೇಸ್ ಬಿಚ್ಚಿದಾಗ ಅವರು ಅದನ್ನು ಬಿಟ್ಟುಕೊಟ್ಟರು.

ಬೆಲೆ ಎಂದರೆ ಕೊನೆಗೆ ಮಾನದ ಪ್ರಶ್ನೆ. ಬಾದಾಮಿಯಲ್ಲಿ ಈ ಮಾತನ್ನು ತಪ್ಪಿಸಿಕೊಳ್ಳುವುದು ಕಷ್ಟ. ಅಗಸ್ತ್ಯ ತೀರ್ಥದ ಮೇಲಿನ ಬಂಡೆಯೊಂದರಲ್ಲಿ ಕ್ರಿ.ಶ. 700ರ ಆಸುಪಾಸಿನ ಕಪ್ಪೆ ಅರಭಟ್ಟನ ಶಾಸನವಿದೆ. ಅದರ ತ್ರಿಪದಿಗಳನ್ನು ಸಾಹಿತ್ಯ ಓದಿದವರೆಲ್ಲ ಬಲ್ಲರು. ಅದೇ ಶಾಸನದಲ್ಲಿ ಒಂದು ಸಂಸ್ಕೃತ ಶ್ಲೋಕವೂ ಇದೆ. ತೇಜಸ್ಸುಳ್ಳವನಿಗೆ ಮಾನಭಂಗಕ್ಕಿಂತ ಸಾವು ಮೇಲು, ಏಕೆಂದರೆ ಸಾವಿನ ದುಃಖ ಆ ಕ್ಷಣದ್ದು, ಮಾನಭಂಗದ್ದು ದಿನದಿನದ್ದು ಎಂಬುದು ಅದರ ಆಶಯ. ವೀರನ ಪ್ರಶಂಸೆಯಾಗಿ ಅದು ಘನವಾದ ಮಾತೇ. ಆದರೆ ಬಂಡೆ ಹತ್ತುವ ಗುಂಪಿಗೆ ಇದೇ ನೀತಿಯಾದರೆ ಏನಾಗುತ್ತದೆ ಯೋಚಿಸಿ. ಗಾಡಿಯಲ್ಲಿ ಕೇಳಬೇಕಾದ ನಗೆಗಿಂತ ಬಿರುಕಿನಲ್ಲಿ ಜಾರುವುದೇ ವಾಸಿ ಎಂದು ಒಬ್ಬರಿಗೆ ಅನ್ನಿಸಿದರೆ, ಆ ಶ್ಲೋಕವನ್ನು ನಾವು ಅವರ ಮೇಲೆ ಹೇರಿದಂತೆಯೇ.

ಇಲ್ಲಿ ಭಾಷೆಯೂ ನಮಗೆ ಮರೆ ಒದಗಿಸುತ್ತದೆ. ಬಾದಾಮಿ ಕಡೆಯವರು ಬೇಡವೆಂದರೆ 'ನಾ ಒಲ್ಲೆ' ಎನ್ನುತ್ತಾರೆ. ಅದರಲ್ಲಿ ಹೇಳುವವರ ಇಚ್ಛೆ ನೇರವಾಗಿ ನಿಂತಿರುತ್ತದೆ. ನಮ್ಮ ಕಡೆ ಮಾತಿನಲ್ಲಿ 'ಒಲ್ಲೆ' ಹೆಚ್ಚುಕಡಿಮೆ ಇಲ್ಲವಾಗಿದೆ, ಅದರ ಕೆಲಸವನ್ನೂ 'ಆಗಲ್ಲ' ಎಂಬುದೇ ಮಾಡುತ್ತದೆ. 'ಆಗಲ್ಲ' ಎಂದರೆ ಶಕ್ತಿಯಿಲ್ಲ ಎಂದಾಗಬಹುದು, ಇಷ್ಟವಿಲ್ಲ ಎಂದಾಗಬಹುದು, ಹೆದರಿಕೆ ಎಂದೂ ಆಗಬಹುದು. ಕೇಳುವವರು ತಮಗೆ ಅನುಕೂಲವಾದ ಅರ್ಥ ಹಿಡಿಯುತ್ತಾರೆ. ಶಕ್ತಿಯ ಮಾತೆಂದು ತೆಗೆದುಕೊಂಡರೆ 'ಆಗುತ್ತೆ' ಎನ್ನುವುದು ಉತ್ತರವಾಗುತ್ತದೆ. ಒಲ್ಲೆ ಎಂದವರಿಗೆ 'ಆಗುತ್ತೆ' ಎಂದರೆ ಅದು ಉತ್ತರವೇ ಅಲ್ಲ.

ಇದಕ್ಕೆ ಎದುರಾಗಿ ಒಂದು ಗಟ್ಟಿ ಆಕ್ಷೇಪವಿದೆ, ಅದನ್ನು ನಮ್ಮ ಗುಂಪಿನ ಇನ್ನೊಬ್ಬ ಗೆಳತಿಯೇ ಎತ್ತಿದಳು. ಅವಳು ಹೇಳಿದ್ದಿಷ್ಟು: 'ನಮ್ಮನೇಲಿ ಮರ ಹತ್ತಬೇಡ, ಓಡಬೇಡ, ಬೀಳ್ತೀಯ ಅಂತಾನೇ ಬೆಳೆಸಿದ್ದು. ಆವತ್ತು ಯಾರೂ ಆಗುತ್ತೆ ಬಾ ಅನ್ನದೇ ಇದ್ದಿದ್ರೆ ನಾನೂ ಕೆಳಗೇ ಕೂತಿರ್ತಿದ್ದೆ.' ಮೊದಲ 'ಆಗಲ್ಲ'ಕ್ಕೇ 'ಸರಿ, ಕೂರು' ಎಂದುಬಿಡುವುದು ಗೌರವದಂತೆ ಕಂಡರೂ ಅದರೊಳಗೆ 'ನಿನ್ನಿಂದ ಆಗೋದಿಲ್ಲ ಅಂತ ನಮಗೂ ಗೊತ್ತಿತ್ತು' ಎಂಬ ತೀರ್ಪು ಅಡಗಿರಬಹುದು. ಬೇಡ ಎನ್ನುವುದನ್ನೇ ಅಭ್ಯಾಸ ಮಾಡಿಸಿದವರ ಬಾಯಲ್ಲಿ ಬರುವ 'ಆಗಲ್ಲ' ಯಾರದ್ದು, ಅವರದ್ದೋ ಅಭ್ಯಾಸ ಮಾಡಿಸಿದವರದ್ದೋ?

ಈ ಆಕ್ಷೇಪವನ್ನು ನಾನು ಒಪ್ಪುತ್ತೇನೆ. ಅದು ಒತ್ತಾಯವನ್ನು ಮಾತ್ರ ಸಮರ್ಥಿಸುವುದಿಲ್ಲ. ಹುರಿದುಂಬಿಸುವುದಕ್ಕೂ ಒತ್ತಾಯಿಸುವುದಕ್ಕೂ ಇರುವ ವ್ಯತ್ಯಾಸ ದನಿಯಲ್ಲಿಲ್ಲ, ಬಾಗಿಲಲ್ಲಿದೆ. ಹುರಿದುಂಬಿಸುವವರು ಗೊತ್ತಿಲ್ಲದ್ದನ್ನು ತಿಳಿಸುತ್ತಾರೆ: ಎಡಗಾಲಿಗೆ ಒಂದು ಅಂಚಿದೆ, ಇಳಿಯುವಾಗ ನಾನು ಕೆಳಗೆ ನಿಂತು ಕಾಲಿಡುವ ಜಾಗ ಹೇಳುತ್ತೇನೆ, ಬೇಡವೆಂದರೆ ಇಲ್ಲೇ ನಿಲ್ಲೋಣ. ವಾಪಸು ಹೋಗುವ ಬಾಗಿಲು ತೆರೆದೇ ಇರುತ್ತದೆ. ಒತ್ತಾಯಿಸುವವರು ಯಾವ ಹೊಸ ಸಂಗತಿಯನ್ನೂ ಹೇಳುವುದಿಲ್ಲ, ಬಾಗಿಲು ಮಾತ್ರ ಮುಚ್ಚುತ್ತಾರೆ. 'ಆಗುತ್ತೆ ಬಾ' ಎನ್ನುವ ಮೊದಲು 'ಏನಾಗಲ್ಲ?' ಎಂದು ಕೇಳಿದರೆ ಅರ್ಧ ಕೆಲಸ ಮುಗಿಯಿತು. ಆರು ಬಾಯಿಯಲ್ಲಿ ಒಬ್ಬರೂ ಅದನ್ನು ಕೇಳಿರಲಿಲ್ಲ.

ಉಳಿದರ್ಧ ಕೆಲಸ ಬಂಡೆಯ ಬುಡದಲ್ಲಿ, ಇನ್ನೂ ಯಾರಿಗೂ ಭಯ ಹುಟ್ಟುವ ಮೊದಲು ಆಗಬೇಕಾದ್ದು. ಹತ್ತುವವರ ಲೋಕದಲ್ಲಿ ಇಂಥ ಮುಂಚಿತ ನಿಯಮಗಳು ಇವೆ. ಮರಳುಗಲ್ಲು ಒದ್ದೆಯಾದರೆ ಅದರ ಬಲ ಕುಗ್ಗುತ್ತದೆ, ಹಿಡಿದ ಅಂಚು ಮುರಿಯಬಹುದು. ಅಮೆರಿಕದ ನೆವಾಡಾದ ರೆಡ್ ರಾಕ್ ಕಣಿವೆಯಂಥ ಮರುಭೂಮಿಯ ಮರಳುಗಲ್ಲಿನಲ್ಲಿ ಮಳೆಯಾದರೆ ಬಂಡೆ ಒಣಗುವವರೆಗೆ ಹತ್ತಬಾರದೆಂಬುದು ಹತ್ತುವವರೇ ಪಾಲಿಸಿಕೊಂಡು ಬಂದ ಪದ್ಧತಿ. ಗಮನಿಸಬೇಕಾದ್ದೆಂದರೆ, ಬಂಡೆ 'ಆಗಲ್ಲ' ಎಂದಾಗ ಯಾರ ಮಾನವೂ ಹೋಗುವುದಿಲ್ಲ. ಎಲ್ಲರೂ ಚಹಾ ಕುಡಿದು ವಾಪಸಾಗುತ್ತಾರೆ. ಎತ್ತರದ ಪರ್ವತಗಳಲ್ಲಿ ಹಿಂದಿರುಗುವ ಗಂಟೆಯನ್ನು ಮೊದಲೇ ಗೊತ್ತು ಮಾಡುವುದೂ ಇದಕ್ಕೇ, ತುದಿ ಕಾಣುತ್ತಿರುವಾಗ ನಮ್ಮ ತೀರ್ಮಾನವನ್ನು ನಂಬಬಾರದು ಎಂದು. 1996ರ ಮೇ 10ರಂದು ಎವರೆಸ್ಟಿನಲ್ಲಿ ಮಧ್ಯಾಹ್ನ 2 ಗಂಟೆ ದಾಟಿದ ಮೇಲೂ ಹಲವರು ಶಿಖರದ ಕಡೆಗೇ ಹತ್ತುತ್ತಿದ್ದರು. ಸಂಜೆ ಬಿರುಗಾಳಿ ಎದ್ದಿತು. ಮರುದಿನ ಮುಗಿಯುವಷ್ಟರಲ್ಲಿ ಎಂಟು ಜನ ಸತ್ತರು. ಸಾವಿಗೆ ಕಾರಣ ಹಲವು, ಆದರೆ ವಾಪಸಾಗುವ ಹೊತ್ತು ಮೀರಿದ್ದು ಅವುಗಳಲ್ಲೊಂದು.

ನಮ್ಮ ಚಿಕ್ಕ ಗುಡ್ಡಗಳಿಗೂ ಇದರ ಚಿಕ್ಕ ರೂಪ ಸಾಕು. ಹೊರಡುವ ಮೊದಲು 'ಯಾರು ಮುಂದೆ?' ಎಂದು ಎಲ್ಲರೂ ಕೇಳುತ್ತಾರೆ. 'ಯಾರಾದರೂ ನಿಂತರೆ ಜೊತೆಗೆ ನಿಲ್ಲುವವರು ಯಾರು?' ಎಂದೂ ಕೇಳಬೇಕು. ಮೇಷ್ಟ್ರು ತಾವಾಗಿಯೇ ಕೂತರು, ಎಲ್ಲ ಗುಂಪಿನಲ್ಲೂ ಅಂಥವರೊಬ್ಬರು ಇರುತ್ತಾರೆಂದು ನಂಬಿ ಹೊರಡುವುದು ನ್ಯಾಯವಲ್ಲ. ಸರದಿಯ ಮೇಲೆ ಹಂಚಿಕೊಂಡರೆ ಅದು ಯಾರೊಬ್ಬರ ತ್ಯಾಗವೂ ಆಗುವುದಿಲ್ಲ, ಯಾರೊಬ್ಬರ ಋಣವೂ ಆಗುವುದಿಲ್ಲ.

ಬಂಡೆಯ ಮಾತನ್ನು ನಾನು ಇಷ್ಟು ಬೆಳೆಸಿದ್ದಕ್ಕೆ ಕಾರಣವಿದೆ. ಮದುವೆಯ ಮಾತುಕತೆ, ಹಾಸ್ಟೆಲಿನ ಕೋಣೆ, ಸಂಘಟನೆಯ ಸಭೆ, ವಿಭಾಗದ ಸೆಮಿನಾರು, ಎಲ್ಲ ಕಡೆಯೂ ಒಬ್ಬರು ಒಂದು ಕಾಲಿಟ್ಟು ಹಿಂದೆ ತೆಗೆಯುವ ಗಳಿಗೆ ಬರುತ್ತದೆ, ಹತ್ತು ಮುಖಗಳು ಅವರನ್ನು ನೋಡುತ್ತವೆ. ಎಷ್ಟು ಜನ ಎಷ್ಟು ಎತ್ತರ ಹತ್ತಿದರು ಎನ್ನುವುದರಿಂದ ಗುಂಪಿನ ಶಕ್ತಿ ತಿಳಿಯಬಹುದು. ಅದರ ನೀತಿ ತಿಳಿಯುವುದು ಅಲ್ಲಿ 'ಆಗಲ್ಲ' ಎನ್ನುವುದಕ್ಕೆ ಎಷ್ಟು ಬೆಲೆ ತೆರಬೇಕು, ಅದನ್ನು ಯಾರು ತೆರುತ್ತಾರೆ ಎಂಬುದರಿಂದ.